ಅನ್ನಪಾನನಿರೋಧ: 1918ರ ಅಹಮದಾಬಾದಿನ ಒಂದು ಪ್ರಸಂಗ

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಶ್ರಾವಕನ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಪಾಠಶಾಲೆಗೆ ಹೋಗುವ ಮಕ್ಕಳೂ ಇವನ್ನು ಒಂದೇ ಉಸಿರಿನಲ್ಲಿ ಒಪ್ಪಿಸುತ್ತಾರೆ. ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಛೇದಿಸುವುದು ಎಂಬ ಮೊದಲಿನ ಮೂರನ್ನು ಹಿಂಸೆಯೆಂದು ಒಪ್ಪಿಕೊಳ್ಳಲು ಯಾರಿಗೂ ಕಷ್ಟವಿಲ್ಲ. ಅವು ಕಣ್ಣಿಗೆ ಕಾಣುತ್ತವೆ. ನ್ಯಾಯವಾದುದಕ್ಕಿಂತ ಹೆಚ್ಚು ಭಾರ ಹೊರಿಸುವುದು, ಹೊತ್ತಿಗೆ ಅನ್ನನೀರು ದೊರೆಯದಂತೆ ಮಾಡುವುದು ಎಂಬ ಕೊನೆಯ ಎರಡು ಹಾಗಲ್ಲ. ಕೋಲೆತ್ತದೆ, ಗದರಿಸದೆ, ಲೆಕ್ಕದ ಪುಸ್ತಕದೊಳಗೇ ಅವು ನಡೆದುಹೋಗಬಲ್ಲವು. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಇವನ್ನು ವಿವರಿಸುವಾಗ ಗೋವು ಮೊದಲಾದ ಪ್ರಾಣಿಗಳನ್ನು ಎದುರಿಗಿಟ್ಟುಕೊಂಡರು. ಎತ್ತಿನ ಬೆನ್ನಿನ ಮೇಲೆ ನಡೆಯುತ್ತಿದ್ದ ವಾಣಿಜ್ಯದ ಕಾಲದಲ್ಲಿ ಅದು ಸಹಜವೇ ಆಗಿತ್ತು. ಸಮಂತಭದ್ರಸ್ವಾಮಿಗಳು ರತ್ನಕರಂಡಕ ಶ್ರಾವಕಾಚಾರದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಅತಿಭಾರವನ್ನು ಅವರು ಅಹಿಂಸಾಣುವ್ರತದ ಅತಿಚಾರಗಳಲ್ಲಿಯೂ ಹೇಳಿ, ಪರಿಗ್ರಹ ಪರಿಮಾಣ ವ್ರತದ ಅತಿಚಾರಗಳಲ್ಲಿ, ಲೋಭ ಮತ್ತು ಅತಿಸಂಗ್ರಹಗಳ ಪಕ್ಕದಲ್ಲಿ, ಮತ್ತೊಮ್ಮೆ ಇರಿಸಿದ್ದಾರೆ. ಹೊರೆ ಏರುವುದು ಆಸೆ ಏರಿದಾಗ ಎಂಬುದನ್ನು ಆಚಾರ್ಯರು ಚೆನ್ನಾಗಿ ಬಲ್ಲವರಾಗಿದ್ದರು.

ಈ ಎರಡು ಅತಿಚಾರಗಳು ಎತ್ತುಗಳಿಗಷ್ಟೇ ಸಂಬಂಧಿಸಿದವೇ, ಕೂಲಿಯವನಿಗೂ ಅನ್ವಯಿಸುವುವೇ ಎಂಬ ಪ್ರಶ್ನೆ ಕಳೆದ ಶತಮಾನದ ಆದಿಯಲ್ಲಿ ಒಂದು ಜೈನ ಶ್ರೇಷ್ಠಿ ಮನೆತನದ ಒಳಗೇ ಎದ್ದಿತು. ಅಹಮದಾಬಾದಿನ ಸಾರಾಭಾಯಿ ಮನೆತನವದು. ಅಣ್ಣತಮ್ಮಂದಿರ ಆಸ್ತಿಯ ವ್ಯಾಜ್ಯದಂತೆ ಅದು ನ್ಯಾಯಾಲಯಕ್ಕೆ ಹೋಗಲಿಲ್ಲ. ಸಬರಮತಿಯ ದಂಡೆಯ ಒಂದು ಜಾಲಿ ಮರದ ಕೆಳಗೆ, ಸಾವಿರಾರು ನೇಕಾರರ ಸಮಕ್ಷಮದಲ್ಲಿ, ವಿಚಾರಣೆಗೆ ಬಂದಿತು.

ಅನಸೂಯಾಬೆನ್ ಹುಟ್ಟಿದ್ದು 1885ರಲ್ಲಿ, ತಮ್ಮ ಅಂಬಾಲಾಲ್ 1890ರಲ್ಲಿ. ಚಿಕ್ಕಂದಿನಲ್ಲಿಯೇ ತಂದೆತಾಯಿಯರನ್ನು ಕಳೆದುಕೊಂಡ ಮಕ್ಕಳು ಚಿಕ್ಕಪ್ಪನ ಆಶ್ರಯದಲ್ಲಿ ಬೆಳೆದರು. ಆ ಕಾಲದ ರೂಢಿಯಂತೆ ಅನಸೂಯಾ ಅವರಿಗೆ ಹದಿಮೂರನೆಯ ವಯಸ್ಸಿಗೆ ಮದುವೆಯಾಯಿತು. ಆ ದಾಂಪತ್ಯ ಬಾಳಲಿಲ್ಲ. ಅಕ್ಕನ ಓದಿನ ಆಸೆಗೆ ಬೆಂಬಲವಾಗಿ ನಿಂತವನು ತಮ್ಮನೇ. ಅವನ ನೆರವಿನಿಂದ 1912ರಲ್ಲಿ ಅವರು ವೈದ್ಯಕೀಯ ಕಲಿಯಲು ಇಂಗ್ಲೆಂಡಿಗೆ ತೆರಳಿದರು. ಅಲ್ಲಿ ವ್ಯಾಸಂಗದ ಅಂಗವಾಗಿ ಪ್ರಾಣಿಗಳನ್ನು ಕೊಯ್ದು ಪರೀಕ್ಷಿಸಬೇಕೆಂದು ತಿಳಿದಾಗ, ಹುಟ್ಟಿನಿಂದ ಬಂದ ಅಹಿಂಸಾ ಸಂಸ್ಕಾರ ಅದಕ್ಕೆ ಒಡಂಬಡಲಿಲ್ಲ. ವೈದ್ಯಕೀಯವನ್ನು ಬಿಟ್ಟು ಲಂಡನ್ನಿನ ಅರ್ಥಶಾಸ್ತ್ರ ಶಾಲೆಗೆ ಸೇರಿದರು. ಇಂಗ್ಲೆಂಡಿನ ಸಮಾಜವಾದಿ ಚಿಂತಕರ ಪರಿಚಯವೂ ಆಯಿತು. ಕಪ್ಪೆಯನ್ನು ಕೊಯ್ಯಲಾರದ ಕೈ ಕೊನೆಗೆ ಕೂಲಿಗಾರರ ಕೈಯನ್ನು ಹಿಡಿಯಿತು. ಆ ಮಾರ್ಗವನ್ನು ತೆರೆದದ್ದು ಅಹಿಂಸಾವ್ರತವೇ ಎಂಬುದನ್ನು ಅವರ ಚರಿತ್ರೆ ಬರೆದವರು ಸಾಮಾನ್ಯವಾಗಿ ಒಂದು ವಾಕ್ಯದಲ್ಲಿ ಹೇಳಿ ಮುಂದೆ ಸಾಗುತ್ತಾರೆ. ಇನ್ನಷ್ಟು ಹೊತ್ತು ನಿಂತು ನೋಡಬೇಕಾದ ಸಂಗತಿಯದು.

ಮರಳಿ ಬಂದ ಮೇಲಿನ ಒಂದು ಬೆಳಗನ್ನು ಅವರು ಮುಂದೆ ನೆನಪಿಸಿಕೊಂಡಿದ್ದಾರೆ. ಮನೆಯ ಹೊರಗೆ ಕುಳಿತು ತಲೆ ಬಾಚಿಕೊಳ್ಳುತ್ತಿದ್ದಾಗ ಹತ್ತು ಹದಿನೈದು ಮಂದಿ ಗಿರಣಿಯ ಹೆಣ್ಣಾಳುಗಳು ಮೈಮೇಲೆ ಎಚ್ಚರವಿಲ್ಲದವರಂತೆ ನಡೆದು ಹೋಗುತ್ತಿದ್ದರು. ಕರೆದು ಕೇಳಿದಾಗ, 36 ಗಂಟೆಗಳ ಕಾಲ, ಅಂದರೆ ಎರಡು ರಾತ್ರಿ ಮತ್ತು ಒಂದು ಹಗಲು, ಎಡೆಬಿಡದೆ ದುಡಿದು ಮನೆಗೆ ಹೋಗುತ್ತಿರುವುದಾಗಿ ಹೇಳಿದರು. ಗಿರಣಿಗಳ ಒಡೆತನದ ಮನೆಯಲ್ಲಿ ಬೆಳೆದಿದ್ದರೂ ಅನಸೂಯಾಬೆನ್‌ರಿಗೆ ಇದು ಅದುವರೆಗೆ ತಿಳಿದಿರಲಿಲ್ಲ. ಅತಿಭಾರಾರೋಪಣ ಎಂಬ ಶಬ್ದಕ್ಕೆ ಇದಕ್ಕಿಂತ ಸ್ಪಷ್ಟವಾದ ಟೀಕೆ ಯಾವ ಗ್ರಂಥದಲ್ಲಿ ಸಿಕ್ಕೀತು? ಕೂಲಿಕಾರರ ಮಕ್ಕಳಿಗಾಗಿ ಶಾಲೆ ತೆರೆಯುವುದರಿಂದ ಅವರ ಕೆಲಸ ಆರಂಭವಾಯಿತು. ಮಕ್ಕಳ ತಾಯಂದಿರಿಂದ ಮನೆಯ ಹಾಲು, ಸಾಲ, ಬಡ್ಡಿ, ಬಾಣಂತನಗಳ ಸುದ್ದಿ ತಿಳಿಯುತ್ತ ಹೋಯಿತು. ಜನರು ಅವರನ್ನು ಮೋಟಾಬೆನ್, ಎಂದರೆ ಹಿರಿಯಕ್ಕ ಎಂದು ಕರೆಯತೊಡಗಿದರು.

ಅಹಮದಾಬಾದು ದಾನಕ್ಕೆ ಬಡತನವಿದ್ದ ಊರಲ್ಲ ಎಂಬುದನ್ನು ಇಲ್ಲಿ ಹೇಳದೆ ಹೋದರೆ ಅನ್ಯಾಯವಾದೀತು. ಹದಿಮೂರನೆಯ ಶತಮಾನದ ಘೋರ ಕ್ಷಾಮದಲ್ಲಿ ಕಣಜಗಳನ್ನು ತೆರೆದಿಟ್ಟ ಭದ್ರೇಶ್ವರದ ಜಗಡೂಶಾಹನ ಕೀರ್ತಿಯನ್ನು ಗುಜರಾತು ಮರೆತಿಲ್ಲ. ಅವನ ಮೇಲೆ ಸಂಸ್ಕೃತದಲ್ಲಿ ಚರಿತಕಾವ್ಯವೇ ಇದೆ. ಅದಕ್ಕೂ ಒಂದು ಶತಮಾನ ಹಿಂದೆ, ಆಚಾರ್ಯ ಹೇಮಚಂದ್ರರ ಪ್ರಭಾವಕ್ಕೆ ಒಳಗಾದ ಚಾಲುಕ್ಯ ಅರಸು ಕುಮಾರಪಾಲನು, ಗಂಡುಮಕ್ಕಳಿಲ್ಲದೆ ಸತ್ತವನ ಆಸ್ತಿಯನ್ನು ರಾಜ್ಯದ ಬೊಕ್ಕಸಕ್ಕೆ ಸೇರಿಸಿಕೊಳ್ಳುವ ಪದ್ಧತಿಯನ್ನು ಕೈಬಿಟ್ಟನೆಂದು ಜೈನ ಕೃತಿಗಳು ಕೊಂಡಾಡುತ್ತವೆ. ಅಳುವ ವಿಧವೆಯಿಂದ ಕಿತ್ತುಕೊಂಡ ಹಣವಾದುದರಿಂದ ಅದಕ್ಕೆ ‘ರುದತೀವಿತ್ತ’ ಎಂಬ ಹೆಸರೇ ಇತ್ತು. ಅಹಮದಾಬಾದಿನಲ್ಲಿಯೇ, ದಿಲ್ಲಿ ದರವಾಜದ ಹೊರಗಿರುವ ಹಠೀಸಿಂಗ್ ಜಿನಾಲಯವನ್ನು ಪತಿಯ ಮರಣಾನಂತರ ಪೂರ್ಣಗೊಳಿಸಿ 1848ರಲ್ಲಿ ಧರ್ಮನಾಥ ತೀರ್ಥಂಕರರಿಗೆ ಅರ್ಪಿಸಿದವರು ಹರಕುಂವರ ಶೇಠಾಣಿ. ಬರಗಾಲದ ಆ ದಿನಗಳಲ್ಲಿ ನೂರಾರು ಶಿಲ್ಪಿಗಳ ಒಲೆ ಉರಿದದ್ದು ಆ ಕೆಲಸದಿಂದ ಎಂದು ಊರಿನವರು ಇಂದಿಗೂ ಹೇಳುತ್ತಾರೆ. ಭಿಕ್ಷೆಯ ಬದಲು ಕೂಲಿ ಕೊಟ್ಟು ಬರವನ್ನು ದಾಟಿಸಿದ ಆ ಮಹಿಳೆಯ ವಿವೇಕ ದೊಡ್ಡದು.

ಮುದಿ ಎತ್ತುಗಳನ್ನು ಸಾಕುವ ಪಾಂಜರಪೋಳವೂ ಅದೇ ಊರಿನಲ್ಲಿತ್ತು. ಕೆಲಸ ಮಾಡಲಾರದ ಪ್ರಾಣಿಗೆ ಕೊನೆಯವರೆಗೆ ಮೇವುನೀರು ಕೊಡುವ ಈ ವ್ಯವಸ್ಥೆ ಜೈನ ಸಮಾಜ ಲೋಕಕ್ಕೆ ತೋರಿಸಿದ ಒಂದು ಉನ್ನತ ಆದರ್ಶ. ಆದರೆ 36 ಗಂಟೆ ದುಡಿದ ಹೆಣ್ಣಾಳಿಗೆ ಅಂಥ ಯಾವ ಮನೆಯೂ ಇರಲಿಲ್ಲ. ದಯೆಯ ಕೊರತೆಯಿಂದ ಹೀಗಾಯಿತೆನ್ನುವುದಕ್ಕಿಂತ, ದಯೆ ನೋಡುತ್ತಿದ್ದ ದಿಕ್ಕು ಬೇರೆಯಾಗಿತ್ತು ಎನ್ನಬೇಕು. ಹಳೆಯ ವರ್ತಕನಿಗೆ ತನ್ನ ಬಳಿ ದುಡಿಯುವವನ ಮುಖಪರಿಚಯವಿತ್ತು. ಅವನ ಮನೆಯಲ್ಲಿ ಹೆರಿಗೆಯಾದರೆ ಸುದ್ದಿ ತಿಳಿಯುತ್ತಿತ್ತು. 1861ರಲ್ಲಿ ರಣಛೋಡಲಾಲ್ ಛೋಟಾಲಾಲ್ ಅವರು ಅಹಮದಾಬಾದಿನ ಮೊದಲ ಗಿರಣಿಯನ್ನು ನಡೆಸತೊಡಗಿದ ಮೇಲೆ ಕೆಲವೇ ದಶಕಗಳಲ್ಲಿ ಈ ಪರಿಚಯ ಅಳಿಯಿತು. ಶೇಠರ ಕೈಗೆ ಹಾಜರಿ ಪುಸ್ತಕ ಬರುತ್ತಿತ್ತು, ಆಳು ಬರುತ್ತಿರಲಿಲ್ಲ.

1917ರ ಮಳೆಗಾಲದಲ್ಲಿ ಊರಿಗೆ ಪ್ಲೇಗು ಬಂದಿತು. ಜನ ಹಳ್ಳಿಗಳಿಗೆ ಓಡತೊಡಗಿದರು. ನೇಕಾರರು ಓಡಿಹೋದರೆ ಮಗ್ಗಗಳು ನಿಲ್ಲುತ್ತವೆ. ಮಹಾಯುದ್ಧದ ಕಾಲ, ಬಟ್ಟೆಗೆ ಒಳ್ಳೆಯ ಬೇಡಿಕೆ. ಆದುದರಿಂದ ಮಾಲೀಕರು ನೇಕಾರರನ್ನು ನಿಲ್ಲಿಸಿಕೊಳ್ಳಲು ಪ್ಲೇಗು ಬೋನಸ್ ಎಂಬ ಹೆಸರಿನಲ್ಲಿ ಹೆಚ್ಚುವರಿ ಹಣ ಕೊಟ್ಟರು. ಕೆಲವರಿಗೆ ಅದು ಕೂಲಿಯ ನೂರಕ್ಕೆ ಎಪ್ಪತ್ತು ಎಂಬತ್ತರವರೆಗೂ ಇತ್ತು. ಸಾವಿನ ಬಾಯಿಯಲ್ಲಿ ನಿಂತು ನೂಲನ್ನು ಹೆಣೆದವರಿಗೆ ಸಂದ ಬೆಲೆ ಅದು. ಪ್ಲೇಗು ಇಳಿಯಿತು. 1918ರ ಆರಂಭದಲ್ಲಿ ಬೋನಸ್ ನಿಲ್ಲಿಸುವುದಾಗಿ ಮಾಲೀಕರು ಸಾರಿದರು. ಆದರೆ ಯುದ್ಧದಿಂದ ಏರಿದ ಧಾನ್ಯದ ಬೆಲೆ ಪ್ಲೇಗಿನೊಂದಿಗೆ ಇಳಿಯಲಿಲ್ಲ. ನೇಕಾರರು ಶೇಕಡಾ 50ರಷ್ಟು ತುಟ್ಟಿಭತ್ಯೆ ಕೇಳಿದರು. ಮಾಲೀಕರು 20 ಎಂದರು.

ಅನಸೂಯಾಬೆನ್ ಮತ್ತು ಶಂಕರಲಾಲ್ ಬ್ಯಾಂಕರ್ ಅವರ ಮೂಲಕ ವಿಷಯ ಗಾಂಧೀಜಿಯವರಿಗೆ ತಲುಪಿತು. ಪಂಚಾಯಿತಿ ನಡೆಸಲು ಒಪ್ಪಿಗೆಯಾಯಿತು; ಕೆಲಸಗಾರರ ಕಡೆಗೆ ಗಾಂಧೀಜಿ, ವಲ್ಲಭಭಾಯಿ ಪಟೇಲ್ ಮತ್ತು ಬ್ಯಾಂಕರ್, ಮಾಲೀಕರ ಕಡೆಗೆ ಅಂಬಾಲಾಲ್ ಮೊದಲಾದವರು. ಪಂಚರು ಕೂಡಿ ತೀರ್ಮಾನಿಸುವ ಮುನ್ನ ಕೆಲವು ಗಿರಣಿಗಳ ಕೆಲಸಗಾರರು ದುಡುಕಿ ಕೆಲಸ ನಿಲ್ಲಿಸಿದರು. ತಪ್ಪು ನಮ್ಮವರದೇ ಎಂದು ಗಾಂಧೀಜಿ ಒಪ್ಪಿ ಕ್ಷಮೆ ಕೇಳಿದರೂ ಮಾಲೀಕರು ಪಂಚಾಯಿತಿಯಿಂದ ಹಿಂದೆ ಸರಿದು, ಫೆಬ್ರುವರಿ 22ರಿಂದ ನೇಕಾರರಿಗೆ ಗಿರಣಿಯ ಬಾಗಿಲು ಮುಚ್ಚಿದರು.

ಬೀಗದ ಅರ್ಥ ಏನು? ಕೂಡಿಟ್ಟ ಧಾನ್ಯವಿಲ್ಲದ, ಉಳಿತಾಯವಿಲ್ಲದ ಮನೆಗೆ ಅದು ದಿನದಿನಕ್ಕೂ ಖಾಲಿಯಾಗುವ ಮಡಕೆ. 20ಕ್ಕೆ ಒಪ್ಪುವವರೆಗೆ ಹಸಿವೆಯೇ ವಾದ ಮಾಡಲಿ ಎಂಬುದು ಅದರ ತಂತ್ರ. ಅನ್ನಪಾನನಿರೋಧ ಎಂಬುದಕ್ಕೆ ಗೋವಿನ ಉದಾಹರಣೆ ಕೊಟ್ಟ ಆಚಾರ್ಯರು ಈ ಬೀಗವನ್ನು ಕಂಡಿರಲಿಲ್ಲ. ಕಂಡಿದ್ದರೆ ಅವರು ಇದಕ್ಕೆ ಬೇರೆ ಹೆಸರನ್ನು ಹುಡುಕಬೇಕಾದ ಅಗತ್ಯವಿರಲಿಲ್ಲ.

ಗಾಂಧೀಜಿ ಮೊದಲು ಮಾಡಿದ್ದು ಲೆಕ್ಕ. ಮುಂಬಯಿಯ ಗಿರಣಿಗಳ ಕೂಲಿ, ಅಹಮದಾಬಾದಿನ ಬೆಲೆಗಳು, ಮಾಲೀಕರ ಸ್ಥಿತಿಗತಿ ಇವನ್ನೆಲ್ಲ ಪರಿಶೀಲಿಸಿ ನ್ಯಾಯವಾದ ಏರಿಕೆ ಶೇಕಡಾ 35 ಎಂದು ನಿರ್ಧರಿಸಿದರು. ಮಾಲೀಕರ ಅಭಿಪ್ರಾಯವನ್ನೂ ಕೇಳಿದರು, ಉತ್ತರ ಬರಲಿಲ್ಲ. ಕೆಲಸಗಾರರನ್ನು 50ರಿಂದ 35ಕ್ಕೆ ಇಳಿಸುವುದೇನೂ ಸುಲಭವಾಗಿರಲಿಲ್ಲ. ಕೇಳಬೇಕಾದದ್ದನ್ನು ಮಾತ್ರ ಕೇಳಬೇಕು, ಕೇಳಿದ ಮೇಲೆ ಬಿಡಬಾರದು ಎಂಬ ಈ ನಿಯಮದಲ್ಲಿ ಒಂದು ಬಗೆಯ ಪರಿಮಾಣ ವ್ರತವೇ ಇದೆ. ಬೇಡಿಕೆಗೂ ಮಿತಿ ಹಾಕಿಕೊಂಡವನಿಗೆ ಎದುರಿನವನ ಲಾಭಕ್ಕೆ ಮಿತಿಯನ್ನು ಕೇಳುವ ಅಧಿಕಾರ ಬರುತ್ತದೆ.

ಶಾಹಪುರ ದರವಾಜದ ಹೊರಗೆ ಜಾಲಿ ಮರದಡಿ ದಿನವೂ ಸಂಜೆ ಸಭೆ ಕೂಡುತ್ತಿತ್ತು. ನೇಕಾರರು ಪ್ರತಿಜ್ಞೆ ಮಾಡಿದರು: 35 ದೊರೆಯುವವರೆಗೆ ಕೆಲಸಕ್ಕೆ ಹೋಗುವುದಿಲ್ಲ, ಈ ಅವಧಿಯಲ್ಲಿ ಬೈಗುಳ, ಹೊಡೆದಾಟ, ಲೂಟಿ ಯಾವುದಕ್ಕೂ ಕೈ ಹಾಕುವುದಿಲ್ಲ. ‘ಏಕ್ ಟೇಕ್’, ಎಂದರೆ ಹಿಡಿದ ವ್ರತ ಒಂದೇ ಎಂಬ ಬಾವುಟ ಹಿಡಿದು ಬೀದಿಗಳಲ್ಲಿ ಸಾಗಿದರು. ದಿನಕ್ಕೊಂದರಂತೆ ಕರಪತ್ರಗಳು ಹೊರಬಂದವು. ಬರೆದವರು ಗಾಂಧೀಜಿ, ಪ್ರಕಟವಾದದ್ದು ಅನಸೂಯಾಬೆನ್ ಹೆಸರಿನಲ್ಲಿ. ಬಿಡುವಿನ ದಿನಗಳಲ್ಲಿ ಜೂಜಾಡಬೇಡಿ, ಮನೆ ರಿಪೇರಿ ಮಾಡಿಕೊಳ್ಳಿ, ಅಕ್ಷರ ಕಲಿಯಿರಿ ಎಂಬ ಮಾತುಗಳಿಂದ ಹಿಡಿದು ನ್ಯಾಯವೆಂದರೇನು ಎಂಬ ವಿಚಾರದವರೆಗೆ ಅವು ಹರಡಿಕೊಂಡಿದ್ದವು. ಬೇಡಿಕೆ ಪೂರೈಕೆಗಳ ಜಗ್ಗಾಟದಲ್ಲಿ ಗೆದ್ದವನದೇ ನ್ಯಾಯ ಎನ್ನುವ ಪಶ್ಚಿಮದ ಪದ್ಧತಿಗೆ ಎದುರಾಗಿ, ದಯೆ ಬೆರೆತ ‘ಶುದ್ಧ ನ್ಯಾಯ’ವೊಂದಿದೆ ಎಂದು ಅವರು ವಾದಿಸಿದರು. ಒಂದು ಕರಪತ್ರವಂತೂ ವೈಷ್ಣವ ಮತ್ತು ಜೈನ ಮಾಲೀಕರನ್ನೇ ಉದ್ದೇಶಿಸಿತ್ತು: ಕೂಲಿಗಾರರನ್ನು ಬಗ್ಗಿಸಿ ಕಡಮೆ ಕೊಡುವುದನ್ನು ಇಂಥ ಧರ್ಮದವರು ವಿಜಯವೆಂದು ಎಣಿಸುವರೆಂದು ನಂಬಲಾಗುವುದಿಲ್ಲ ಎಂಬುದು ಅದರ ಆಶಯ. ಜಾತಿಯ ಹೆಸರೆತ್ತಿ ನಿಂದಿಸದೆ, ಧರ್ಮದ ಹೆಸರೆತ್ತಿ ನೆನಪಿಸಿದ ಈ ಕ್ರಮವನ್ನು ಗಮನಿಸಬೇಕು. ಜೈನ ಗೃಹಸ್ಥ ರಾಜಚಂದ್ರರ ಸಹವಾಸದಲ್ಲಿ ತಾರುಣ್ಯದ ಸಂದೇಹಗಳನ್ನು ಪರಿಹರಿಸಿಕೊಂಡವರಿಗೆ ಯಾವ ತಂತಿಯನ್ನು ಮೀಟಬೇಕೆಂಬುದು ತಿಳಿದಿತ್ತು.

ಹೊರಗಿನಿಂದ ಹಣ ತಂದು ಕೆಲಸಗಾರರಿಗೆ ಹಂಚಬಹುದೆಂಬ ಸಲಹೆಯನ್ನು ಗಾಂಧೀಜಿ ಒಪ್ಪಲಿಲ್ಲ. ಬೇರೆ ಕೂಲಿ ಮಾಡಿ ಬದುಕಿ ಎಂದರು. ಸಬರಮತಿ ಆಶ್ರಮದಲ್ಲಿ ನೇಯ್ಗೆ ಶಾಲೆಯ ಕಟ್ಟಡಕ್ಕೆ ಮರಳು ತುಂಬಬೇಕಾಗಿತ್ತು. ನದಿಯಿಂದ ಮರಳು ಹೊರುವ ಕೆಲಸ ಕೊಟ್ಟರು. ಶ್ರೇಷ್ಠಿಯ ಅಕ್ಕ ಮೊದಲ ಬುಟ್ಟಿಯನ್ನು ತನ್ನ ತಲೆಯ ಮೇಲಿಟ್ಟುಕೊಂಡು ಸಾಲಿನ ಮುಂದೆ ನಡೆದರು. ಶಾಹಪುರದ ಮರದಡಿ ಸೇರಿದವರು ದಾನವನ್ನು ಕೇಳುತ್ತಿರಲಿಲ್ಲ. ತಾವು ದುಡಿದದ್ದರಲ್ಲಿ ತಮಗೆ ಸಲ್ಲಬೇಕಾದದ್ದನ್ನು ಕೇಳುತ್ತಿದ್ದರು. ದಾನಕ್ಕೂ ಕೂಲಿಗೂ ಇರುವ ಅಂತರ ನಮ್ಮ ಶಾಸ್ತ್ರಕಾರರಿಗೆ ತಿಳಿಯದ್ದಲ್ಲ. ಗೃಹಸ್ಥನ ಗುಣಗಳನ್ನು ಎಣಿಸುವಾಗ ಹೇಮಚಂದ್ರರು ಯೋಗಶಾಸ್ತ್ರದಲ್ಲಿಯೂ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿಯೂ ಮೊದಲಿಗೇ ಹೇಳುವುದು ನ್ಯಾಯದಿಂದ ಗಳಿಸಿದ ಧನವನ್ನು. ಆಹಾರ, ಔಷಧ, ಶಾಸ್ತ್ರ, ಅಭಯಗಳೆಂಬ ಚತುರ್ವಿಧ ದಾನವೂ ಅಂಥ ಧನದಿಂದಲೇ ನಡೆಯಬೇಕು. ಗಳಿಸುವಾಗ ಉಳಿಸಿಕೊಂಡ ಕೂಲಿಯನ್ನು ಪರ್ವದ ದಿನ ಆಹಾರದಾನವಾಗಿ ಹಂಚಿದರೆ ಅದು ದಾನವಾಗದು; ಅವನದನ್ನು ಅವನಿಗೇ, ತಡವಾಗಿ, ನಮಸ್ಕಾರ ಮಾಡಿಸಿಕೊಂಡು ಕೊಟ್ಟಂತೆ.

ಮಾಲೀಕರ ಪಕ್ಷವನ್ನೂ ಕೇಳಬೇಕು. ಅಂಬಾಲಾಲ್ ಕಟುಕ ಮನಸ್ಸಿನವರಲ್ಲ. 1915ರಲ್ಲಿ ಅಸ್ಪೃಶ್ಯರೆನಿಸಿದ ಕುಟುಂಬವೊಂದನ್ನು ಸೇರಿಸಿಕೊಂಡ ಕಾರಣಕ್ಕೆ ಆಶ್ರಮಕ್ಕೆ ಬರುತ್ತಿದ್ದ ನೆರವೆಲ್ಲ ನಿಂತಾಗ, ಒಬ್ಬ ಶೇಠರು ಮೋಟಾರಿನಲ್ಲಿ ಬಂದು 13,000 ರೂಪಾಯಿಗಳನ್ನು ಗಾಂಧೀಜಿಯವರ ಕೈಗಿತ್ತು ಹೆಸರು ಹೇಳದೆ ಹೋದರು. ಅವರು ಅಂಬಾಲಾಲರೇ ಎಂಬುದು ಎಲ್ಲರ ತಿಳಿವಳಿಕೆ. ಅವರ ವಾದ ಹೀಗಿತ್ತು: ನಮಗೂ ಕೆಲಸಗಾರರಿಗೂ ಇರುವುದು ತಂದೆ ಮಕ್ಕಳ ಸಂಬಂಧ, ನಡುವೆ ಮೂರನೆಯವರಿಗೇನು ಕೆಲಸ? ಕೇಳಲು ಇಂಪಾದ ಈ ಮಾತಿನಲ್ಲಿ ಒಂದು ತೊಡಕಿದೆ. ತಂದೆಯು ಮಕ್ಕಳಿಗೆ ಊಟ ನಿಲ್ಲಿಸಿ ತನ್ನ ಮಾತಿಗೆ ಒಪ್ಪಿಸುವುದಿಲ್ಲ. ಹಬ್ಬದ ಉಡುಗೊರೆ ಕೊಡುವಾಗ ಸಂಬಂಧ, ಕೂಲಿ ನಿಗದಿ ಮಾಡುವಾಗ ಮಾರುಕಟ್ಟೆ ಎಂದು ಎರಡು ತಕ್ಕಡಿ ಇಟ್ಟುಕೊಂಡರೆ ಅದು ಅಚೌರ್ಯಾಣುವ್ರತದ ಅತಿಚಾರವಾದ ಹೀನಾಧಿಕಮಾನೋನ್ಮಾನಕ್ಕೆ, ಅಂದರೆ ಕೊಡುವ ಅಳತೆ ಒಂದು, ಕೊಳ್ಳುವ ಅಳತೆ ಒಂದು ಎಂಬ ದೋಷಕ್ಕೆ, ಬಹಳ ಸಮೀಪವಾಗುತ್ತದೆ.

ಇನ್ನೊಂದು ವಾದವನ್ನು ಅಂದು ಯಾರೂ ಬಹಿರಂಗವಾಗಿ ಆಡಿರಲಿಕ್ಕಿಲ್ಲ. ಆದರೆ ಮನೆಮನೆಗಳಲ್ಲಿ ಅದು ಇಂದಿಗೂ ಕೇಳಿಬರುತ್ತದೆ. ಬಡವನ ಬಡತನ ಅವನ ಪೂರ್ವಕರ್ಮದ ಉದಯ, ನಾವೇನು ಮಾಡಲಾದೀತು ಎಂಬ ಮಾತು. ಕರ್ಮಸಿದ್ಧಾಂತವನ್ನು ಅರ್ಧಕ್ಕೆ ಓದಿ ಮುಚ್ಚಿದವರ ಮಾತಿದು. ಅದೇ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಅಂತರಾಯ ಕರ್ಮದ ಆಸ್ರವ ಯಾವುದರಿಂದ ಎಂಬುದನ್ನು ಬಿಡಿಸಿ ಹೇಳಿದೆ: ಪರರ ದಾನ, ಲಾಭ, ಭೋಗ, ಉಪಭೋಗ, ವೀರ್ಯಗಳಿಗೆ ವಿಘ್ನ ಮಾಡುವುದರಿಂದ. ಕೂಲಿಯವನ ಲಾಭಾಂತರಾಯ ಅವನ ಹಳೆಯ ಲೆಕ್ಕವಾಗಿರಬಹುದು. ಅದಕ್ಕೆ ನಿಮಿತ್ತನಾಗಿ ನಿಂತವನು ತನ್ನ ಹೊಸ ಲೆಕ್ಕವನ್ನು ಅಂದೇ ಬರೆದುಕೊಳ್ಳುತ್ತಾನೆ. ಉದ್ಯೋಗೀ ಹಿಂಸೆಯಿಂದ ಗೃಹಸ್ಥನಿಗೆ ಪೂರ್ಣ ಬಿಡುಗಡೆ ಸಾಧ್ಯವಿಲ್ಲವೆಂಬುದು ನಿಜ. ಗಿರಣಿಯ ಕುಲುಮೆಯಲ್ಲಿ, ಬಣ್ಣದ ತೊಟ್ಟಿಯಲ್ಲಿ ಸೂಕ್ಷ್ಮಜೀವಿಗಳ ಹಾನಿ ತಪ್ಪದು. ಆದರೆ 36 ಗಂಟೆಯ ಪಾಳಿ ಬಟ್ಟೆ ನೇಯಲು ಅನಿವಾರ್ಯವೇನಲ್ಲ. ತಪ್ಪಿಸಬಹುದಾದುದನ್ನು ತಪ್ಪಿಸದಿರುವುದೇ ಪ್ರಮಾದ, ಹಿಂಸೆಯ ಲಕ್ಷಣದಲ್ಲಿ ಮೊದಲಿಗೆ ಹೇಳಿರುವ ಪದವೂ ಅದೇ.

ಎರಡು ವಾರ ಕಳೆಯುವಷ್ಟರಲ್ಲಿ ಜನರ ಉತ್ಸಾಹ ಇಳಿಯಿತು. ಮಾರ್ಚ್ 12ರಂದು ಮಾಲೀಕರು ಶೇಕಡಾ 20ಕ್ಕೆ ಒಪ್ಪುವವರಿಗಾಗಿ ಬಾಗಿಲು ತೆರೆದರು. ಜುಗಲದಾಸ್ ಚಾಳಿನಲ್ಲಿ ಒಬ್ಬ ಕೆಲಸಗಾರ, ಗಾಂಧೀಜಿಗೂ ಅನಸೂಯಾಬೆನ್‌ಗೂ ಏನಂತೆ, ಅವರು ಮೋಟಾರಿನಲ್ಲಿ ಬಂದು ಹೋಗುತ್ತಾರೆ, ಹೊಟ್ಟೆ ತುಂಬ ಉಣ್ಣುತ್ತಾರೆ, ಸಾಯುವವರು ನಾವು ಎಂಬರ್ಥದ ಮಾತಾಡಿದ. ಮಾತು ಕಹಿ, ಆದರೆ ಸುಳ್ಳಲ್ಲ. ಮಾರ್ಚ್ 15ರ ಸಭೆಯಲ್ಲಿ ಗಾಂಧೀಜಿ, ಇತ್ಯರ್ಥವಾಗುವವರೆಗೆ ತಾವು ಅನ್ನ ಮುಟ್ಟುವುದಿಲ್ಲವೆಂದು ಸಾರಿದರು. ಪರರ ಅನ್ನಪಾನನಿರೋಧಕ್ಕೆ ಉತ್ತರವಾಗಿ ತಮ್ಮದನ್ನೇ ನಿರೋಧಿಸಿಕೊಂಡರು.

ಉಪವಾಸದ ಮರ್ಮ ಬಲ್ಲ ಜೈನ ಓದುಗರಿಗೆ ಇಲ್ಲಿ ಒಂದು ಸಂಶಯ ಏಳುವುದು ಸಹಜ. ಅನಶನವು ಬಾಹ್ಯತಪಸ್ಸು, ಕರ್ಮನಿರ್ಜರೆಗಾಗಿ ಅದು ವಿಹಿತವೇ ಹೊರತು ಮತ್ತೊಬ್ಬನ ನಿರ್ಣಯವನ್ನು ಬದಲಿಸಲಿಕ್ಕಲ್ಲ. ಈ ದೋಷವನ್ನು ಗಾಂಧೀಜಿ ಮರೆಮಾಚಲಿಲ್ಲ. ಉಪವಾಸ ಕೆಲಸಗಾರರನ್ನು ಪ್ರತಿಜ್ಞೆಯಲ್ಲಿ ನಿಲ್ಲಿಸಲೆಂದು ಕೈಗೊಂಡದ್ದಾದರೂ, ಸ್ನೇಹಿತರಾದ ಮಾಲೀಕರ ಮೇಲೆ ಅದರ ಒತ್ತಡ ಬೀಳದೆ ಇರಲಿಲ್ಲವೆಂದೂ, ಅದು ತಮ್ಮ ಸತ್ಯಾಗ್ರಹಕ್ಕೆ ತಗುಲಿದ ಗಂಭೀರ ಕಳಂಕವೆಂದೂ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. ಗೆದ್ದ ಹೋರಾಟದ ಬಗೆಗೆ ಇಂಥ ಆಲೋಚನೆ ಬರೆದಿಡುವ ನಾಯಕರು ವಿರಳ. ಪ್ರತಿಕ್ರಮಣಕ್ಕೆ ಕೂಡುವವರು ಈ ಪುಟಗಳನ್ನು ಒಮ್ಮೆ ಓದಬೇಕು.

ಮೂರು ದಿನಗಳಲ್ಲಿ ಇತ್ಯರ್ಥವಾಯಿತು. ಮಾರ್ಚ್ 18ರ ಒಪ್ಪಂದ ಸ್ವಲ್ಪ ವಿಚಿತ್ರವೇ: ಮೊದಲನೆಯ ದಿನ ಕೆಲಸಗಾರರ ಪ್ರತಿಜ್ಞೆ ಉಳಿಯಲೆಂದು ಶೇಕಡಾ 35, ಎರಡನೆಯ ದಿನ ಮಾಲೀಕರ ಮಾತು ಉಳಿಯಲೆಂದು 20, ಮೂರನೆಯ ದಿನದಿಂದ ಪಂಚರ ತೀರ್ಪಿನವರೆಗೆ 27½. ಪಂಚರಾಗಿ ಗುಜರಾತ್ ಕಾಲೇಜಿನ ಪ್ರೊಫೆಸರ್ ಆನಂದಶಂಕರ ಧ್ರುವ ಅವರನ್ನು ಇಬ್ಬರೂ ಒಪ್ಪಿದರು. ಪ್ರತಿಜ್ಞೆಯ ಅಕ್ಷರ ಉಳಿದಿದೆ, ಆತ್ಮ ಉಳಿದಿಲ್ಲ ಎಂದು ಗಾಂಧೀಜಿ ಅಂದೇ ನೇಕಾರರಿಗೆ ಹೇಳಿದರು. ಆಗಸ್ಟ್ ತಿಂಗಳಲ್ಲಿ ಧ್ರುವರು ಕೊಟ್ಟ ತೀರ್ಪು 35 ಆಗಿತ್ತು. ಈ ಇಡೀ ಪ್ರಸಂಗವನ್ನು ಮಹಾದೇವ ದೇಸಾಯಿಯವರು ಗುಜರಾತಿಯಲ್ಲಿ ‘ಏಕ್ ಧರ್ಮಯುದ್ಧ’ ಎಂಬ ಪುಸ್ತಕವಾಗಿ ಬರೆದರು. ಹೆಸರು ತಪ್ಪಲ್ಲ. ಆ ದಿನಗಳಲ್ಲಿಯೂ ಅಂಬಾಲಾಲ್ ಆಶ್ರಮದಲ್ಲಿ ಗಾಂಧೀಜಿಯವರೊಡನೆ ಕುಳಿತು ಉಂಡದ್ದುಂಟು, ಬಡಿಸಿದವರು ಅನಸೂಯಾಬೆನ್.

ಒಪ್ಪಂದದ ಸಂತೋಷಕ್ಕೆ ಮಾಲೀಕರು ಅದೇ ಜಾಲಿ ಮರದಡಿ ಸಿಹಿ ಹಂಚಲು ಏರ್ಪಾಡು ಮಾಡಿದರು. ಸುದ್ದಿ ಊರಲ್ಲಿ ಹರಡಿ ಭಿಕ್ಷುಕರು ಗುಂಪುಗುಂಪಾಗಿ ಬಂದು ಸಾಲನ್ನು ಮುರಿದು ನುಗ್ಗಿದರು. ಇಪ್ಪತ್ತೊಂದು ದಿನ ಶಿಸ್ತಿನಿಂದ ನಿಂತ ನೇಕಾರರ ಸಭೆ ಚದುರಿಹೋಯಿತು, ಸಿಹಿ ಮಣ್ಣುಪಾಲಾಯಿತು. ಉಳಿದದ್ದನ್ನು ಮರುದಿನ ಮಿರ್ಜಾಪುರದಲ್ಲಿ ಅಂಬಾಲಾಲರ ಬಂಗಲೆಯ ಆವರಣದೊಳಗೆ ಹಂಚಬೇಕಾಯಿತು. ಗಾಂಧೀಜಿ ಈ ಘಟನೆಯನ್ನು ವಿನೋದವೆಂದು ಹೇಳಹೊರಟು, ದೇಶದ ಹಸಿವೆಯ ಮಾತಿಗೆ ಬಂದು ನಿಲ್ಲುತ್ತಾರೆ. ಕೂಲಿ ಕೇಳಲು ಮಗ್ಗವಾದರೂ ಇದ್ದವರ ಹೋರಾಟವದು. ಮಗ್ಗವೂ ಇಲ್ಲದವರು ಗೋಡೆಯ ಹೊರಗೇ ಉಳಿದರು.

1920ರಲ್ಲಿ ಗಿರಣಿ ಕೆಲಸಗಾರರ ಸಂಘ ಸ್ಥಾಪನೆಯಾದಾಗ ಅದಕ್ಕೆ ಮಜೂರ್ ಮಹಾಜನ ಎಂದು ಹೆಸರಿಟ್ಟರು. ಮಹಾಜನವೆಂಬುದು ಅದುವರೆಗೆ ವರ್ತಕರ ಕೂಟದ ಹೆಸರು. ನಮ್ಮಲ್ಲಿಯೂ ಅದು ಗೌರವದ ಶಬ್ದ. ಕೂಲಿಯವನೂ ಮಹಾಜನ ಎನಿಸಿದ್ದು ಸಣ್ಣ ಸಂಗತಿಯಲ್ಲ. ಗೆಲುವು ಸ್ಥಿರವಾಗಿತ್ತೆಂದು ಮಾತ್ರ ತಿಳಿಯಬಾರದು. 1923ರಲ್ಲಿ ಮಾಲೀಕರು ಕೂಲಿ ಕಡಿತ ಮಾಡಿದಾಗ ಎರಡು ತಿಂಗಳ ಮುಷ್ಕರವೂ ಅದನ್ನು ಪೂರ್ತಿ ತಡೆಯಲಾಗಲಿಲ್ಲ. ನೂಲುವ ವಿಭಾಗದ ದಲಿತ ಕೆಲಸಗಾರರಿಗೆ ಹೆಚ್ಚು ಕೂಲಿಯ ನೇಯ್ಗೆ ವಿಭಾಗದ ಬಾಗಿಲು ಬಹುಕಾಲ ತೆರೆಯಲಿಲ್ಲ. ಲಾಳಿಗೆ ಬಾಯಿಯಿಂದ ನೂಲೆಳೆಯುವ ಕೆಲಸದಲ್ಲಿ ಮೈಲಿಗೆಯ ಮಾತು ಅಡ್ಡಬಂದಿತು. ಇದಕ್ಕೆ ಕಾರಣರು ಮಾಲೀಕರು ಮಾತ್ರವಲ್ಲ, ಜೊತೆಗೆ ದುಡಿಯುವ ನೇಕಾರರೂ ಹೌದು.

ಅನಸೂಯಾಬೆನ್ 1972ರಲ್ಲಿ ತೀರಿಕೊಂಡರು. ಅದೇ ವರ್ಷ ಮಜೂರ್ ಮಹಾಜನದ ಮಹಿಳಾ ವಿಭಾಗದಿಂದ ಇಳಾ ಭಟ್ಟರ ನಾಯಕತ್ವದಲ್ಲಿ ‘ಸೇವಾ’ ಸಂಸ್ಥೆ ಹುಟ್ಟಿತು. ಗಿರಣಿಯ ಗೋಡೆಯ ಹೊರಗೆ ಉಳಿದವರ, ತಲೆಹೊರೆಯ, ಕೈಗಾಡಿಯ, ಹಳೆಬಟ್ಟೆ ಮಾರುವ ಹೆಂಗಸರ ಸಂಘವದು. ಹೊರೆ ಹೊರುವವರೆಂದರೆ ದೂರದ ಜನರೇನಲ್ಲ. ವಿಂಧ್ಯಗಿರಿಯ ಮೆಟ್ಟಿಲುಗಳಲ್ಲಿ, ಸಮ್ಮೇದ ಶಿಖರ್ಜಿಯ ಏರಿನಲ್ಲಿ ವೃದ್ಧ ಯಾತ್ರಿಕರನ್ನು ಡೋಲಿಯಲ್ಲಿ ಹೊತ್ತು ನಡೆಯುವವರ ಹೆಗಲನ್ನು ಎಲ್ಲರೂ ಕಂಡಿದ್ದಾರೆ. ಅಹಮದಾಬಾದಿನ ಬಟ್ಟೆ ಪೇಟೆಯ ಹೆಂಗಸರು ಜವಳಿಯ ಗಂಟುಗಳನ್ನು ತಲೆಯ ಮೇಲೆ ಹೊತ್ತು ಅಂಗಡಿಯಿಂದ ಅಂಗಡಿಗೆ ಸಾಗಿಸುತ್ತಿದ್ದರು. ಎಷ್ಟು ದೂರ, ಎಷ್ಟು ಗಂಟು ಎಂಬುದಕ್ಕೆ ಲೆಕ್ಕವಿರಲಿಲ್ಲ. ವರ್ತಕರು ಕೊಟ್ಟದ್ದೇ ಕೂಲಿ. ಸಂಘ ಹುಟ್ಟುವುದಕ್ಕೆ ಸ್ವಲ್ಪ ಮುಂಚೆ ಇಳಾ ಭಟ್ಟರು ಇದನ್ನು ಕುರಿತು ಪತ್ರಿಕೆಯಲ್ಲಿ ಬರೆದರು. ವರ್ತಕರು ಸುಮ್ಮನಿರಲಿಲ್ಲ. ತಾವು ನ್ಯಾಯವಾದ ದರವನ್ನೇ ಕೊಡುತ್ತಿರುವುದಾಗಿ ಪತ್ರಿಕೆಯಲ್ಲಿಯೇ ಉತ್ತರ ಕೊಟ್ಟರು. ಇಳಾ ಭಟ್ಟರು ಅದರೊಡನೆ ವಾದಕ್ಕೆ ಇಳಿಯಲಿಲ್ಲ. ವರ್ತಕರ ಆ ಹೇಳಿಕೆಯನ್ನು ಚೀಟಿಗಳಲ್ಲಿ ಅಚ್ಚು ಹಾಕಿಸಿ ಹೊರೆ ಹೊರುವ ಹೆಂಗಸರಿಗೆ ಹಂಚಿದರು. ಹೆಂಗಸರು ಗಂಟು ಇಳಿಸಿ, ಕೂಲಿಯ ಮಾತು ಬಂದಾಗ, ಆ ಚೀಟಿಯನ್ನು ಅಂಗಡಿಯವರ ಮುಂದೆ ಹಿಡಿಯತೊಡಗಿದರು.